ಗುಡ್ಡೆ ಬಾಡೂ ಗಡಿಯಾರವೂ

ನಮ್ಮ ಮನೆಯಲ್ಲಿ ಬಾಡಿನ ವಿಚಾರಕ್ಕೆ ದೊಡ್ಡವ್ವನ ಮೂಗೇ ಹೈಕೋರ್ಟು. ಕವರು ಬಿಚ್ಚಿದ ಕೂಡಲೇ ಒಂದು ತುಂಡು ಎತ್ತಿ ಮೂಗಿನ ಹತ್ತಿರ ಹಿಡಿಯುತ್ತಾಳೆ. ಕಣ್ಣು ಅರ್ಧ ಮುಚ್ಚುತ್ತದೆ, ಹೊಳ್ಳೆ ಒಮ್ಮೆ ಅರಳುತ್ತದೆ. ಅಷ್ಟು ಹೊತ್ತು ಅಡುಗೆಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. "ಏನೂ ಆಗಾಕಿಲ್ಲ, ಚೆಂದಾಗಿ ಬೇಯ್ಸಿ" ಎಂದಳೋ, ಅದರ ಮೇಲೆ ಮೇಲ್ಮನವಿ ಇಲ್ಲ. "ಥೂ" ಎಂದರೆ ಅವತ್ತು ಬೀದಿನಾಯಿಗಳಿಗೆ ಹಬ್ಬ. ನಾನು ಕಂಡ ಮಟ್ಟಿಗೆ ಅವಳು ಥೂ ಎಂದದ್ದು ಕಡಿಮೆ. ಕೆ.ಜಿ.ಗೆ ಎಂಟುನೂರು ಕೊಟ್ಟು ತಂದ ಮಟನ್ನು ನಾರುವುದಕ್ಕೂ ಒಂದು ಧೈರ್ಯ ಬೇಕಲ್ಲ.

ಮೂಗಿಗೆ ಈ ಅಧಿಕಾರ ಸುಮ್ಮನೆ ಬಂದದ್ದಲ್ಲ. ಅವಳು ಬೆಳೆದದ್ದು ಫ್ರಿಜ್ಜೇ ಇಲ್ಲದ ಊರಿನಲ್ಲಿ, ಕರೆಂಟು ಕೂಡ ಆಮೇಲೆ ಬಂತು. "ನಮ್ ಕಾಲ್ದಲ್ಲಿ ಯಾವ್ ಫ್ರಿಜ್ಜಿತ್ತು? ನಾವೇನ್ ಸತ್ತೋದ್ವಾ?" ಎಂಬುದು ಅವಳ ಖಾಯಂ ಪ್ರಶ್ನೆ. ಸತ್ತವರು ಬಂದು ಉತ್ತರ ಹೇಳುವುದಿಲ್ಲವಾದ್ದರಿಂದ ಆ ಪ್ರಶ್ನೆಯಲ್ಲಿ ಅವಳೇ ಯಾವಾಗಲೂ ಗೆಲ್ಲುತ್ತಾಳೆ. ಆದರೂ ಅದನ್ನು ಗೇಲಿ ಮಾಡಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಫ್ರಿಜ್ಜಿಲ್ಲದೆ ಅವರು ಬಾಡು ತಿಂದದ್ದು ನಿಜ, ಗಟ್ಟಿಮುಟ್ಟಾಗಿ ಇದ್ದದ್ದೂ ನಿಜ. ಹೇಗೆ ಎಂಬುದನ್ನು ಮಾತ್ರ ನಾವು ಸರಿಯಾಗಿ ನೆನಪಿಟ್ಟುಕೊಂಡಿಲ್ಲ.

ಹೊಸತೊಡಕನ್ನೇ ತೆಗೆದುಕೊಳ್ಳಿ. ಯುಗಾದಿಯ ಮಾರನೇ ದಿನ. ಮಂಡ್ಯ, ರಾಮನಗರ, ತುಮಕೂರು, ಹಾಸನದ ಕಡೆಯವರಲ್ಲಿ ಬೇವು-ಬೆಲ್ಲಕ್ಕಿಂತ ಈ ದಿನಕ್ಕೇ ಕಾದು ಕೂರುವವರು ಹೆಚ್ಚು. ಊರಿನಲ್ಲಿ ಹತ್ತಿಪ್ಪತ್ತು ಮನೆಯವರು ಸೇರಿ ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ಕುರಿಗಳನ್ನು ಹಿಡಿದು ತರುತ್ತಿದ್ದರು. ಕೋಳಿ ಕೂಗುವ ಮೊದಲೇ ಹೊಂಗೆಮರದ ಕೆಳಗೆ ಕೆಲಸ ಶುರು. ಬೆಳಕು ಹರಿಯುವ ಹೊತ್ತಿಗೆ ಚಾಪೆಯ ಮೇಲೆ ಮುತ್ತುಗದ ಎಲೆ ಹಾಸಿ ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಗೂ ಒಂದು ಚೂರು ಲಿವರು, ಒಂದಿಷ್ಟು ಕೊಬ್ಬು, ಒಂದು ತೊಡೆಯ ತುಂಡು, ಒಂದು ಮೂಳೆ, ಅಳೆದಂತೆ ಬೋಟಿ. ಒಬ್ಬ ಗುಡ್ಡೆಗೆ ಬೆನ್ನು ಹಾಕಿ ನಿಂತುಕೊಳ್ಳಬೇಕು; ಇನ್ನೊಬ್ಬ ಒಂದೊಂದೇ ಗುಡ್ಡೆ ಮುಟ್ಟಿ "ಇದ್ಯಾರ್ಗೆ?" ಎಂದು ಕೇಳಬೇಕು, ಬೆನ್ನು ಹಾಕಿದವನು ಬಾಯಿಗೆ ಬಂದ ಹೆಸರು ಕೂಗಬೇಕು. ಇಷ್ಟು ನಿಷ್ಪಕ್ಷಪಾತವಾದ ವಿತರಣೆಯನ್ನು ನಾನು ಸರ್ಕಾರದ ಯಾವ ಯೋಜನೆಯಲ್ಲೂ ಕಂಡಿಲ್ಲ.

ನಾನು ಆಗ ಗಮನಿಸದೆ ಈಗ ಗಮನಿಸುತ್ತಿರುವುದು ಗುಡ್ಡೆಯನ್ನಲ್ಲ, ಆಮೇಲಿನ ಓಟವನ್ನು. ಹೆಸರು ಕೂಗಿದ್ದೇ ತಡ, ಹುಡುಗರು ಎಲೆಯ ಸಮೇತ ಬಾಡನ್ನು ಎತ್ತಿಕೊಂಡು ಮನೆಗೆ ಓಡುತ್ತಿದ್ದರು. ಅಲ್ಲಿ ಅದಾಗಲೇ ಒಲೆ ಹೊತ್ತಿರುತ್ತಿತ್ತು, ಒರಳಲ್ಲಿ ಖಾರ ಅರೆದು ಆಗಿರುತ್ತಿತ್ತು. ಕುರಿ ಉಸಿರು ಬಿಟ್ಟದ್ದಕ್ಕೂ ಎಸರು ಕುದಿ ಬಂದದ್ದಕ್ಕೂ ನಡುವೆ ಹೆಚ್ಚೆಂದರೆ ಎರಡು ಗಂಟೆ. ಹಸಿ ಮಾಂಸವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ ಸಾಕು ಎಂದು ಅಮೆರಿಕದ ಕೃಷಿ ಇಲಾಖೆಯವರು ಹೇಳುತ್ತಾರೆ. ನಮ್ಮೂರಿನ ಹುಡುಗರಿಗೆ ಅಮೆರಿಕವೂ ಗೊತ್ತಿರಲಿಲ್ಲ, ಇಲಾಖೆಯೂ ಗೊತ್ತಿರಲಿಲ್ಲ. ಹಸಿವು ಓಡಿಸುತ್ತಿತ್ತು, ಲೆಕ್ಕ ತಾನಾಗಿ ಸರಿಹೋಗುತ್ತಿತ್ತು.

ಹಿರಿಯರು ಫ್ರಿಜ್ಜಿಲ್ಲದೆ ಬಾಡನ್ನು ಇಟ್ಟುಕೊಂಡಿದ್ದರು ಎನ್ನುವುದೇ ತಪ್ಪು ಮಾತು. ಅವರು ಇಟ್ಟುಕೊಳ್ಳಲೇ ಇಲ್ಲ. ನಾವು ಅವರ ಧೈರ್ಯವನ್ನು ಮಾತ್ರ ಉಳಿಸಿಕೊಂಡು ಅವರ ಅವಸರವನ್ನು ಬಿಟ್ಟುಬಿಟ್ಟಿದ್ದೇವೆ.

ಇದನ್ನೆಲ್ಲ ನನ್ನ ತಲೆಗೆ ತುಂಬಿದವಳು ಅಣ್ಣನ ಸೊಸೆ. ಮೈಕ್ರೋಬಯಾಲಜಿ ಓದಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ದೊಡ್ಡವ್ವನ ಮೂಗನ್ನು ದಂಗಾಗಿ ನೋಡುತ್ತಿದ್ದಳು, ಆಮೇಲೆ ಮೆಲ್ಲಗೆ ಬಾಯಿ ಬಿಟ್ಟಳು. "ಚಿಕ್ಕಮಾವ, ನಾತ ಹೊಡೆಸೋ ಜೀವಿಗಳೇ ಬೇರೆ, ಕಾಯಿಲೆ ತರೋವೇ ಬೇರೆ" ಎಂದಳು ಒಂದು ಭಾನುವಾರ, ಈರುಳ್ಳಿ ಹೆಚ್ಚುತ್ತಾ. ನಾತಕ್ಕೆ ಕಾರಣವಾಗುವ ಸ್ಯೂಡೋಮೊನಾಸ್‌ನಂಥವು ಮಾಂಸದ ಮೇಲೆ ಕೋಟಿಗಟ್ಟಲೆ ಸೇರಿದ ಮೇಲೆ ಲೋಳೆ, ಕೊಳೆತ ವಾಸನೆ. ಅವು ಬಹುಮಟ್ಟಿಗೆ ಬಾಡನ್ನು ಕೆಡಿಸುತ್ತವೆ, ನಮ್ಮನ್ನಲ್ಲ. ಸಾಲ್ಮೊನೆಲ್ಲಾ ಹಾಗಲ್ಲ. ಅದು ಕಾಯಿಲೆ ತರುವಷ್ಟು ಇದ್ದರೂ ಬಣ್ಣ ಮಾಸುವುದಿಲ್ಲ, ವಾಸನೆ ಬರುವುದಿಲ್ಲ. ಅಂದರೆ ನಾರುವ ಬಾಡನ್ನು ಎಸೆಯಲು ಮೂಗು ಸಾಕು. ನಾರದ ಬಾಡನ್ನು ತಿನ್ನಬಹುದು ಎನ್ನಲು ಸಾಲದು. ದೊಡ್ಡವ್ವನ 'ಥೂ' ಎಂಬ ತೀರ್ಪು ನೂರಕ್ಕೆ ನೂರು ಸರಿ. 'ಏನೂ ಆಗಾಕಿಲ್ಲ' ಎನ್ನುವ ತೀರ್ಪಿನಲ್ಲೇ ತೊಡಕು.

ಅಣ್ಣನ ಸೊಸೆ ಹೇಳಿದ ಇನ್ನೊಂದು ಸಂಗತಿ ಕೇಳಿ ನಾನು ನಗು ತಡೆಯಲಾರದೆ ಹಿತ್ತಲಿಗೆ ಹೋಗಬೇಕಾಯಿತು. ಸ್ಟಾಫಿಲೊಕಾಕಸ್ ಆರಿಯಸ್ ಎಂದೊಂದು ಬ್ಯಾಕ್ಟೀರಿಯಾ ಇದೆ, ಅದಕ್ಕೆ ಬಲು ಪ್ರೀತಿಯ ತಾವೆಂದರೆ ಮನುಷ್ಯರ ಮೂಗು. ಮೂವರಲ್ಲಿ ಸುಮಾರು ಒಬ್ಬರ ಮೂಗಿನಲ್ಲಿ ಅದು ಯಾವ ತೊಂದರೆಯೂ ಕೊಡದೆ ಬೀಡುಬಿಟ್ಟಿರುತ್ತದಂತೆ. ನ್ಯಾಯ ಹೇಳಲು ಕೂತ ಪೀಠದಲ್ಲೇ ಆರೋಪಿಯ ವಾಸ! ಹಸಿ ಬಾಡಿನ ಮೇಲೆ ಬೇರೆ ಜೀವಿಗಳ ನೂಕುನುಗ್ಗಲಿನಲ್ಲಿ ಅದರ ಆಟ ಅಷ್ಟಾಗಿ ನಡೆಯದು. ಬೇಯಿಸಿಟ್ಟ ಬಾಡಿಗೆ ಕೈಯಾಡಿಸಿ ಹೊರಗೇ ಬಿಟ್ಟರೆ ಅಲ್ಲಿ ಅದಕ್ಕೆ ಎದುರಾಳಿಗಳೇ ಇರುವುದಿಲ್ಲ. ಬೆಳೆಯುತ್ತಾ ವಿಷ ಬಿಡುತ್ತದೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಜಗ್ಗುವುದಿಲ್ಲ.

"ಚೆಂದಾಗಿ ಬೇಯ್ಸಿ" ಎಂಬ ದೊಡ್ಡವ್ವನ ಸರ್ವರೋಗ ಪರಿಹಾರಕ್ಕೆ ಇಲ್ಲೇ ಪೆಟ್ಟು ಬೀಳುವುದು. ಬೇಯಿಸುವುದು ದೊಡ್ಡ ರಕ್ಷಣೆ, ಅನುಮಾನವಿಲ್ಲ. ಕೋಳಿಯ ಒಳತಿರುಳು 74 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಉಳಿಯವು, ನಮ್ಮ ಸಾರು ಅದನ್ನೂ ಮೀರಿ ಕುದಿಯುತ್ತದೆ. ಆದರೆ ಹೊತ್ತು ಮೀರಿ ಹೊರಗಿದ್ದ ಬಾಡಿನಲ್ಲಿ ಆಗಲೇ ಹುಟ್ಟಿಕೊಂಡ ವಿಷಗಳೆಲ್ಲವನ್ನೂ ಒಲೆ ಅಳಿಸಲಾರದು. ಇನ್ನು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬುದರ ಬೀಜಾಣುಗಳು ಕುದಿಯುವ ಎಸರಿನಲ್ಲೂ ಜೀವ ಹಿಡಿದುಕೊಂಡಿದ್ದು, ಪಾತ್ರೆ ತಣಿಯುವಾಗ ಎದ್ದು ಕೂರುತ್ತವೆ. ಪಾತ್ರೆ ದೊಡ್ಡದಾದಷ್ಟೂ ತಣಿಯುವುದು ನಿಧಾನ, ಅವಕ್ಕೆ ಅನುಕೂಲ ಹೆಚ್ಚು. ನಮ್ಮ ಬೀಗರೂಟಗಳಲ್ಲಿ ರಾತ್ರಿಯೇ ಬೇಯಿಸಿ ಕೊಪ್ಪರಿಗೆಗೆ ಮುಚ್ಚಳ ಹಾಕಿಟ್ಟು, ಮಧ್ಯಾಹ್ನದ ಪಂಕ್ತಿಗೆ ಬೆಚ್ಚಗೆ ಮಾಡಿ ಬಡಿಸುವ ಅಡುಗೆಭಟ್ಟರು ಇದ್ದಾರೆ. ನಾನು ಈಗೀಗ ಬೀಗರೂಟಕ್ಕೆ ಹೋದರೆ ಮೊದಲು ಅಡುಗೆಯ ಚಪ್ಪರದ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ. ಜನ ನನ್ನನ್ನು ಊಟದ ಆಸೆಬುರುಕ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ.

ಹೊಟ್ಟೆ ಕೆಟ್ಟ ಮೇಲೆ ಅಪರಾಧಿಯನ್ನು ಹಿಡಿಯುವ ನಮ್ಮ ಕ್ರಮವಂತೂ ವಿಚಿತ್ರ. ಕೊನೆಗೆ ತಿಂದದ್ದರ ಮೇಲೇ ಗೂಬೆ. ಸ್ಟಾಫಿಲೊಕಾಕಸ್‌ನ ವಿಷ ಒಂದರಿಂದ ಆರು ಗಂಟೆಯೊಳಗೆ ಕಕ್ಕಿಸುತ್ತದೆ, ಸರಿ. ಸಾಲ್ಮೊನೆಲ್ಲಾ ಕೆಲವು ಗಂಟೆಗಳಿಂದ ಹಿಡಿದು ಆರು ದಿನದವರೆಗೂ ಕಾಯಬಲ್ಲದು, ಕೋಳಿಯಲ್ಲಿ ಸಾಮಾನ್ಯವಾಗಿರುವ ಕ್ಯಾಂಪೈಲೊಬ್ಯಾಕ್ಟರ್ ಎರಡರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಭಾನುವಾರದ ಕೋಳಿ ಬುಧವಾರ ಕೈಕೊಟ್ಟರೆ ಬುಧವಾರ ಸಂಜೆ ಬಜ್ಜಿ ಮಾರಿದ ಬಡಪಾಯಿ ಬೈಸಿಕೊಳ್ಳಬೇಕು. ಅವನೂ ಇಲ್ಲದಿದ್ದರೆ ದೃಷ್ಟಿ ಆಗಿದೆ ಎಂದು ಉಪ್ಪು-ಮೆಣಸಿನಕಾಯಿ ನಿವಾಳಿಸುತ್ತಾರೆ. ಹೀಗೆ ಪ್ರತಿ ಸಲವೂ ಬಾಡು ನಿರಪರಾಧಿಯಾಗಿ ಹೊರಬರುತ್ತದೆ, ದೊಡ್ಡವ್ವನ ಮೂಗಿನ ಕೀರ್ತಿಗೆ ಕುಂದು ಬರುವುದಿಲ್ಲ.

ಎಣಿಕೆಯ ವಿಚಾರ ಒಂದಿಷ್ಟು ಹೇಳಬೇಕು. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಶಾಖ ಈ ಜೀವಿಗಳಿಗೆ ಬೆಳೆಯಲು ಸಿಗುವ ಬಯಲು. ಅದರೊಳಗೆ ನಮ್ಮ ಮೈಶಾಖದ ಆಸುಪಾಸು ಅವಕ್ಕೆ ಬಲು ಹಿತ. ಅಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುವ ಜಾತಿಗಳಿವೆ. ಒಂದೇ ಒಂದು ಇದ್ದದ್ದು ನಾಲ್ಕು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಏಳು ಗಂಟೆಗೆ ಇಪ್ಪತ್ತು ಲಕ್ಷ. ಡಿಸೆಂಬರಿನ ಬೆಂಗಳೂರಿನಲ್ಲಿ ಇಷ್ಟು ವೇಗ ಇರದು. ಆದರೆ ಹೊಸತೊಡಕು ಬರುವುದು ಮಾರ್ಚ್-ಏಪ್ರಿಲ್‌ನಲ್ಲಿ, ಮಂಡ್ಯದಲ್ಲಿ ಆಗ ಮಧ್ಯಾಹ್ನ 36 ಡಿಗ್ರಿ ಮುಟ್ಟುವುದು ಹೊಸದಲ್ಲ.

ಇನ್ನು ಎಲ್ಲ ಬಾಡೂ ಒಂದೇ ಅಲ್ಲ. ಆರೋಗ್ಯವಾಗಿದ್ದ ಕುರಿಯ ಸ್ನಾಯುವಿನ ಒಳಗೆ ಈ ಜೀವಿಗಳು ಇರುವುದಿಲ್ಲವೆಂದೇ ಹೇಳಬಹುದು, ಇರುವುದು ಮೇಲ್ಮೈಯಲ್ಲಿ. ಚರ್ಮದಿಂದ, ಕರುಳಿನಿಂದ, ಮಚ್ಚಿನಿಂದ, ಕೈಯಿಂದ ಬಂದು ಅಂಟಿಕೊಂಡದ್ದು. ಕೊಕ್ಕೆಗೆ ತೂಗುಹಾಕಿದ ಇಡೀ ತೊಡೆಯ ಹೊರಮೈ ಗಾಳಿಗೆ ಒಣಗಿ ಒಂದು ತೆಳುಪೊರೆ ಕಟ್ಟುತ್ತದೆ, ಒಣಗಿದ ಕಡೆ ಅವು ಬೇಗ ಬೆಳೆಯವು. ನೊಣ ಕೂರದಿದ್ದರೆ ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಅದನ್ನೇ ಕೊರಡಿನ ಮೇಲಿಟ್ಟು ತುಂಡು ಮಾಡಿದರೆ ತುಂಡಿಗೊಂದು ಹೊಸ ಮೇಲ್ಮೈ. ಕೈಮಾ ಮಾಡಿದರೆ ಮುಗಿದೇ ಹೋಯಿತು: ಹೊರಗಿದ್ದದ್ದೆಲ್ಲ ಒಳಗೆ ಬೆರೆತು, ರಸ ಒಸರಿ, ಗಾಳಿ ಸೇರಿ, ಅಷ್ಟೂ ಮೇಲ್ಮೈಯೇ. ಅದನ್ನು ಕಪ್ಪು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದು ಸ್ಕೂಟರಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು, ದಾರಿಯಲ್ಲಿ ಹೂವು, ಬಾಳೆಲೆ, ಮಗುವಿಗೆ ಔಷಧಿ ಎಂದು ಮೂರು ಕಡೆ ನಿಂತು ಮನೆಗೆ ಬನ್ನಿ. ಕವರಿನ ಒಳಗೆ ಬೆವರು ಕೂತಿರುತ್ತದೆ. ಮುತ್ತುಗದ ಎಲೆಯಲ್ಲಿ ಉಸಿರಾಡಲಾದರೂ ಜಾಗವಿತ್ತು.

ಫ್ರಿಜ್ಜು ಬಂದ ಮೇಲೆ ಎಲ್ಲ ಸರಿಹೋಗಬೇಕಿತ್ತು. ದೊಡ್ಡವ್ವ ಅದನ್ನು ಮನೆಗೆ ಸೇರಿಸಿಕೊಂಡಳು, ನಂಬಲಿಲ್ಲ. "ಐಸಲ್ಲಿಟ್ಟ ಬಾಡು ರಬ್ಬರು" ಎಂದಳು. ಇದು ಹಳೇ ಕಾಲದವರ ಹಟ ಎಂದು ನಾವೆಲ್ಲ ನಕ್ಕೆವು. ಅಣ್ಣನ ಸೊಸೆ ನಗಲಿಲ್ಲ. ಕುರಿ ಕೊಯ್ದ ಮೇಲೂ ಕೆಲವು ಗಂಟೆ ಸ್ನಾಯು ತನ್ನಲ್ಲಿ ಉಳಿದ ಗ್ಲೈಕೋಜನ್ನನ್ನು ಕರಗಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತಿರುತ್ತದೆ. 7ರ ಸುಮಾರಿಗಿದ್ದ ಪಿಎಚ್ 5.5ರ ಹತ್ತಿರಕ್ಕೆ ಇಳಿಯುತ್ತದೆ, ಮಾಂಸ ಸೆಟೆದುಕೊಂಡು ಆಮೇಲೆ ಮೆತ್ತಗಾಗುತ್ತದೆ. ಆ ಕ್ರಿಯೆ ಮುಗಿಯುವ ಮೊದಲೇ 10 ಡಿಗ್ರಿಗಿಂತ ಕೆಳಗಿಳಿಸಿದರೆ ಸ್ನಾಯು ಕುಗ್ಗಿ ಬಿಗಿಯುತ್ತದೆ, ಕುರಿಯಲ್ಲಿ ಇದು ಎದ್ದು ಕಾಣುತ್ತದೆ. ಆಗತಾನೇ ಕೊಯ್ದ ಬಿಸಿ ಬಾಡನ್ನು ನೇರವಾಗಿ ಫ್ರೀಜರಿಗೆ ನೂಕುವ ನಮ್ಮ ಮನೆಯಲ್ಲಿ ರಬ್ಬರಾಗದೆ ಇನ್ನೇನಾದೀತು? ಕುಕ್ಕರು ಎಂಟು ಕೂಗು ಕೂಗಿದರೂ ಹಲ್ಲಿಗೆ ಸಿಕ್ಕುವುದಿಲ್ಲ. ಈ ವಿಚಾರದಲ್ಲಿ ಮುದುಕಿಗೆ ಪೂರ್ತಿ ಅಂಕ ಕೊಡಲೇಬೇಕು. ಬಿಸಿಯಿರುವಾಗಲೇ ಬೇಯಿಸು ಎಂಬ ಅವಳ ಮಾತು ನಾಲಗೆಗೂ ಸರಿ, ಹೊಟ್ಟೆಗೂ ಸರಿ.

ಹಬ್ಬದ ದಿನದ ಫ್ರಿಜ್ಜನ್ನು ಒಮ್ಮೆ ತೆರೆದು ನೋಡಬೇಕು. ಯುಗಾದಿಯ ಒಬ್ಬಟ್ಟಿನ ಹೂರಣ, ಅದರ ಸಾರು, ದೋಸೆ ಹಿಟ್ಟಿನ ದೊಡ್ಡ ಡಬರಿ, ಮುಡಿಯದೆ ಉಳಿದ ಮಲ್ಲಿಗೆ ದಂಡೆ, ಯಾವುದೋ ಮದುವೆಯಲ್ಲಿ ಬಂದ ಮೈಸೂರುಪಾಕು. ಇವೆಲ್ಲದರ ಮೇಲೆ, ಜಾಗವಿಲ್ಲದೆ, ಎರಡು ಕೆ.ಜಿ. ಕೋಳಿಯ ಕವರು. ಕವರಿನ ಮೂಲೆಯಿಂದ ತೆಳು ಕೆಂಪುನೀರು ತೊಟ್ಟಿಕ್ಕಿ ಜಾಲರಿಯ ಕಂಬಿಗುಂಟ ಇಳಿದು, ಕೆಳಗೆ ಅರ್ಧ ತೆರೆದ ಕೊತ್ತಂಬರಿ ಸೊಪ್ಪಿನ ಮೇಲೆ. ಕೋಳಿ ಬೇಯುತ್ತದೆ, ಸಾರಿಗೆ ಕೊನೆಯಲ್ಲಿ ಉದುರಿಸುವ ಕೊತ್ತಂಬರಿ ಬೇಯುವುದಿಲ್ಲ. ಹಸಿ ಮಾಂಸ ಯಾವಾಗಲೂ ತೀರ ಕೆಳಗಿನ ಖಾನೆಯಲ್ಲಿ, ಡಬ್ಬದಲ್ಲಿ ಇರಬೇಕು ಎಂದು ಹೇಳಿ ಹೇಳಿ ಆ ಹುಡುಗಿಗೆ ಸಾಕಾಗಿದೆ. ಹೀಗೆ ಗಾಳಿಯಾಡಲು ಸಂದಿಲ್ಲದಂತೆ ತುಂಬಿದ ಫ್ರಿಜ್ಜು 5 ಡಿಗ್ರಿಯಲ್ಲಿ ಉಳಿಯುವುದೂ ಕಷ್ಟ. ಅದರ ಮೇಲೆ ಕರೆಂಟು ಹೋದರೆ, ಬಾಗಿಲು ತೆರೆಯದೆ ಇದ್ದರೆ ನಾಲ್ಕು ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರಾದರೆ ಎರಡು ದಿನ. ಆದರೆ ಕರೆಂಟು ಹೋದಾಗ ನಾವು ಮಾಡುವ ಮೊದಲ ಕೆಲಸವೇ ಬಾಗಿಲು ತೆರೆದು, ಇನ್ನೂ ತಣ್ಣಗಿದೆಯಾ ಎಂದು ಮುಟ್ಟಿ ನೋಡುವುದು.

ಫ್ರೀಜರಿನ ಚಳಿ ಈ ಜೀವಿಗಳನ್ನೆಲ್ಲ ಕೊಲ್ಲುವುದಿಲ್ಲ ಎಂಬುದನ್ನೂ ನಾವು ಮರೆಯುತ್ತೇವೆ. ಬಹುಪಾಲು ಬ್ಯಾಕ್ಟೀರಿಯಾಗಳು ಅಲ್ಲಿ ಮಲಗಿರುತ್ತವೆ, ಅಷ್ಟೇ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಕಲ್ಲಿನಂಥ ಕೋಳಿಯನ್ನು ಸಿಂಕಿನಲ್ಲಿಟ್ಟು ಹೋಗಿ ಸಂಜೆ ಬಂದು ಬೇಯಿಸುವ ಪದ್ಧತಿ ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಇದೆ. ಒಳಗೆ ಐಸು ಇರುವಾಗಲೇ ಹೊರಮೈ ಕೋಣೆಯ ಶಾಖಕ್ಕೆ ಬಂದು ಗಂಟೆಗಳಾಗಿರುತ್ತವೆ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಖಾನೆಗೆ ಇಳಿಸಿದರೆ ಆಯಿತು. ಅದಕ್ಕೆ ಬೇಕಾದದ್ದು ಹಿಂದಿನ ರಾತ್ರಿ ನೆನಪಾಗುವುದೊಂದೇ.

ಈಗಿನ ಹೊಸತೊಡಕಿನ ಹೊಸ ತೊಡಕು ಹೆದ್ದಾರಿ. ಮಗ ಬೆಂಗಳೂರಿನಲ್ಲಿದ್ದಾನೆ, ಚೀಟಿ ಊರಿನಲ್ಲಿದೆ. ಗುಡ್ಡೆ ಊರಿನಲ್ಲೇ ಬೀಳುತ್ತದೆ. ಪಾಲಿನ ಬಾಡನ್ನು ಡಿಕ್ಕಿಯಲ್ಲಿಟ್ಟು ಹೊರಟರೆ, 2023ರಲ್ಲಿ ಉದ್ಘಾಟನೆಯಾದ ದಶಪಥ ಇರುವಾಗ ಒಂದೂವರೆ ಗಂಟೆಯ ಮಾತು ಎಂದು ಲೆಕ್ಕ. ಹಬ್ಬ ಮುಗಿಸಿ ಅದೇ ಲೆಕ್ಕ ಹಾಕಿಕೊಂಡು ಹೊರಟವರೆಲ್ಲ ಕೆಂಗೇರಿಯ ಹತ್ತಿರ ಸಾಲಾಗಿ ನಿಂತಿರುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಮುಂದಿನ ಸೀಟಿಗೆ ಎ.ಸಿ., ಡಿಕ್ಕಿಗೆ ಕಾವಲಿಯ ಕಾವು. ಕಳೆದ ಸಲ ನನ್ನ ಅಣ್ಣನ ಮಗ ಮದ್ದೂರಿನಲ್ಲಿ ಮೀನಿನವರ ಹತ್ತಿರ ಐಸು ಕೇಳಿ ತಂದು ಥರ್ಮಾಕೋಲ್ ಡಬ್ಬ ತುಂಬಿದ. ಊರವರು ಸುತ್ತ ನಿಂತು ನಕ್ಕರು. "ಕುರಿ ಏನ್ಲಾ ಕೆರೇಲಿ ಹಿಡ್ದಿದ್ದಾ?" ಎಂದರು ಒಬ್ಬರು.

ಹಾಗೆಂದು ಬಾಡನ್ನು ದಿನಗಟ್ಟಲೆ ಇಡುವ ವಿದ್ಯೆಯೇ ನಮ್ಮವರಿಗೆ ಇರಲಿಲ್ಲ ಎನ್ನುವಂತಿಲ್ಲ. ಇಡಬೇಕೆಂದಾಗ ಹಸಿಯಾಗಿ ಇಡುತ್ತಿರಲಿಲ್ಲ. ಉಪ್ಪುಖಂಡ ಮಾಡುತ್ತಿದ್ದರು. ಬಾಡನ್ನು ಬೆರಳುದ್ದದ ತೆಳು ಎಳೆಗಳಾಗಿ ಸೀಳಿ, ಉಪ್ಪು ಅರಿಶಿನ ಮೆತ್ತಿ, ದಾರಕ್ಕೆ ಪೋಣಿಸಿ, ಎರಡು ಕಂಬದ ನಡುವೆ ಬಿಸಿಲಿಗೆ ಕಟ್ಟುವುದು. ಕಾಗೆ ಕಾಯುವ ಕೆಲಸ ಮಕ್ಕಳದು. ಮೊದಲ ದಿನ ಮೆತ್ತಗೆ ಜೋತಾಡುವ ಎಳೆ ದಿನ ಕಳೆದಂತೆ ಮುರುಟಿ, ಕಪ್ಪಾಗಿ, ಒಂದಕ್ಕೊಂದು ತಾಗಿದರೆ ಕಟಕಟ ಎನ್ನುತ್ತಿತ್ತು. ಉಪ್ಪು ನೀರನ್ನು ಹೀರುತ್ತದೆ, ಬಿಸಿಲು ಉಳಿದದ್ದನ್ನು. ನೀರಿಲ್ಲದ ಮೇಲೆ ಯಾವ ಜೀವಿಯೂ ಅಲ್ಲಿ ಸಂಸಾರ ಹೂಡದು. ಕೊಡಗಿನವರು ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುತ್ತಾರೆ. ಮಳೆಗಾಲವಿಡೀ ಬಿಸಿಲೇ ಕಾಣದ ನಾಡಿನಲ್ಲಿ ಬೇರೆ ದಾರಿಯಾದರೂ ಏನು. ಈ ಕೆಲಸಗಳಲ್ಲಿ ಅರಿಶಿನಕ್ಕೆ ಸಿಗುವ ಹೊಗಳಿಕೆ ಕೊಂಚ ಅತಿ ಎಂದೇ ನನ್ನ ಅಭಿಪ್ರಾಯ. ಶ್ರಮವೆಲ್ಲ ಉಪ್ಪಿನದು, ಹೆಸರು ಮಾತ್ರ ಅರಿಶಿನಕ್ಕೆ. ಮಧ್ಯಾಹ್ನದವರೆಗೆ ಹೊರಗಿದ್ದ ಕೋಳಿಗೆ ಅರಿಶಿನ ಸವರಿ ತೊಳೆದರೆ ದೋಷ ಪರಿಹಾರವಾಗುವುದಿಲ್ಲ. ನಲ್ಲಿಯ ಕೆಳಗೆ ತೊಳೆಯುವಾಗ ಸಿಡಿಯುವ ಹನಿ ಪಕ್ಕದ ಲೋಟ, ತಟ್ಟೆಗಳಿಗೂ ಪಾಲು ಹಂಚುತ್ತದೆ.

2024ರ ಜುಲೈಯಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿದ ಮಾಂಸದ ಡಬ್ಬಗಳ ಸುತ್ತ ದೊಡ್ಡ ಗಲಾಟೆ ಆಯಿತು. ಅದು ನಾಯಿಯದು ಎಂದು ಗುಲ್ಲೆದ್ದಿತು. ಪರೀಕ್ಷೆಯಲ್ಲಿ ನಾಯಿಯದಲ್ಲ ಎಂದು ಗೊತ್ತಾಗಿ ತಣ್ಣಗಾಯಿತು. ನಮ್ಮ ಓಣಿಯಲ್ಲಿ ವಾರವಿಡೀ ಅದೇ ಮಾತು. ಯಾವ ಪ್ರಾಣಿ, ಯಾರು ತರಿಸಿದ್ದು, ಎಷ್ಟಕ್ಕೆ ಮಾರುತ್ತಾರೆ. ಅಷ್ಟು ದೂರದ ದಾರಿಯಲ್ಲಿ ಡಬ್ಬದೊಳಗೆ ಎಷ್ಟು ಡಿಗ್ರಿ ಇತ್ತು ಎಂದು ಕೇಳಿದವಳು ನಮ್ಮ ಮನೆಯ ಹುಡುಗಿ ಒಬ್ಬಳೇ. ದೊಡ್ಡವ್ವ ಅವಳ ಮುಖವನ್ನೇ ನೋಡಿ, "ನೀನು ಕಣವ್ವ ಸರಿಯಾದ್ದು ಕೇಳ್ದೋಳು. ನಾಯಿಯೋ ಕುರಿಯೋ, ಹಳೇದಾದ್ರೆ ಎರಡೂ ಒಂದೇಯ" ಎಂದಳು. ಇಬ್ಬರೂ ಒಂದೇ ಮಾತಿಗೆ ಬಂದದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ನಾವು ಬಾಡು ತರುವ ಅಂಗಡಿಯ ಭಾಯಿಗೆ ಪಿಎಚ್ಚೂ ಗೊತ್ತಿಲ್ಲ, ಬೀಜಾಣುವೂ ಗೊತ್ತಿಲ್ಲ. ಆದರೆ ತೂಕ ಹಾಕುವ ಮೊದಲು "ಮನೆ ಎಲ್ಲಿ ಸಾರ್?" ಎಂದು ಕೇಳುತ್ತಾನೆ. ಹತ್ತಿರದವರಿಗೆ ಸಾರಿನ ಅಳತೆಗೆ ತುಂಡು ಮಾಡಿಕೊಡುತ್ತಾನೆ. ದೂರದವರಿಗೆ ತೊಡೆಯನ್ನು ಇಡಿಯಾಗಿ ಕಾಗದದಲ್ಲಿ ಸುತ್ತಿ, "ಮನೇಲಿ ಕಟ್ ಮಾಡ್ಕೊಳ್ಳಿ" ಎನ್ನುತ್ತಾನೆ. ಹೋದ ಭಾನುವಾರ ಮಧ್ಯಾಹ್ನ ಒಂದರ ಹೊತ್ತಿಗೆ ಒಬ್ಬರು ಕಾರು ನಿಲ್ಲಿಸಿ, ಗಾಜು ಇಳಿಸಿ, ಒಂದು ಕೆ.ಜಿ. ಕೈಮಾ ಬೇಕು, ವೈಟ್‌ಫೀಲ್ಡಿಗೆ ಹೋಗಬೇಕು ಎಂದರು. ಭಾಯಿ ಕೊಕ್ಕೆಯಲ್ಲಿದ್ದ ಉಳಿದ ತೊಡೆಯನ್ನೂ ನೋಡಿದ, ಬಿಸಿಲನ್ನೂ ನೋಡಿದ. "ಪೀಸ್ ಒಯ್ಯಿರಿ ಸಾರ್. ಕೈಮಾ ಬೇಕಂದ್ರೆ ಬೆಳಿಗ್ಗೆ ಏಳಕ್ಕೆ ಬನ್ನಿ" ಎಂದ. ಕಾರಿನವರು ದುಪ್ಪಟ್ಟು ಕೊಡುತ್ತೇನೆ ಎಂದರೂ ಯಂತ್ರಕ್ಕೆ ಕೈ ಹಾಕಲಿಲ್ಲ. ಅವರು ಬೈದುಕೊಂಡು ಮುಂದಿನ ಅಂಗಡಿಗೆ ಹೋದರು, ಅಲ್ಲಿ ಸಿಕ್ಕಿತು.